ಹಡಗು ಪ್ರವಾಸಕ್ಕೆ ಬೇಕಾದ ದಾಖಲೆಗಳು: ಗಡಿಭಾಗದ ಕನ್ನಡಿಗರು ಗಮನಿಸಬೇಕಾದ ಸಂಗತಿಗಳು

ನಾಟ್ರಾಂಪಾಳ್ಯ: ಕೃಷ್ಣಗಿರಿ ಜಿಲ್ಲೆಯ ಅಂಚೆಟ್ಟಿ ತಾಲೂಕಿನ ನಮ್ಮ ಹಳ್ಳಿಗಳಿಗೆ ಕಡಲು ಬಹುದೂರ. ನಾವು ಬಲ್ಲ ಜಲಯಾನವೆಂದರೆ ಹೊಗೇನಕಲ್ಲಿನ ಹರಿಗೋಲು. ಆದರೆ 2022ರ ಜೂನ್ ತಿಂಗಳಲ್ಲಿ ಚೆನ್ನೈ ಬಂದರಿನಿಂದ 'ಎಂಪ್ರೆಸ್' ಎಂಬ ವಿಹಾರ ನೌಕೆಯ ಯಾನ ಆರಂಭವಾದ ಬಳಿಕ, ಕಡಲ ಪ್ರವಾಸವು ನಮ್ಮ ಭಾಗದ ಕುಟುಂಬಗಳೂ ಯೋಚಿಸಬಹುದಾದ ವಿಷಯವಾಗಿದೆ. ಇದಕ್ಕೆ ಬೇಕಾದ ದಾಖಲೆಗಳ ನಿಯಮ ದೇಶದ ಎಲ್ಲರಿಗೂ ಒಂದೇ. ಆದರೆ ತಮಿಳುನಾಡಿನ ಕನ್ನಡಿಗರಿಗೆ ಒಂದು ಹೆಚ್ಚಿನ ಎಚ್ಚರಿಕೆ ಅಗತ್ಯ. ದಾಖಲೆ ಇದ್ದರಷ್ಟೇ ಸಾಲದು, ಎಲ್ಲ ದಾಖಲೆಗಳಲ್ಲಿಯೂ ಹೆಸರು ಒಂದೇ ರೀತಿ ಇರಬೇಕು.

ದೇಶದೊಳಗಿನ ಯಾನ

ಭಾರತದ ಬಂದರುಗಳ ನಡುವೆಯೇ ಸಂಚರಿಸುವ ಹಡಗಿಗೆ ಪಾಸ್‌ಪೋರ್ಟ್ ಕಡ್ಡಾಯವಲ್ಲ. ಆಧಾರ್, ಮತದಾರರ ಗುರುತಿನ ಚೀಟಿ, ಚಾಲನಾ ಪರವಾನಗಿ ಮೊದಲಾದ ಭಾವಚಿತ್ರ ಸಹಿತ ಸರ್ಕಾರಿ ದಾಖಲೆಗಳಲ್ಲಿ ಒಂದರ ಮೂಲ ಪ್ರತಿ ಇರಬೇಕು. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿಲ್ಲದ ಕಾರಣ ಅದೊಂದನ್ನೇ ನಂಬಿ ಹೊರಡುವುದು ಸೂಕ್ತವಲ್ಲ. ಮಕ್ಕಳಿಗೆ ಆಧಾರ್ ಅಥವಾ ಜನನ ಪ್ರಮಾಣಪತ್ರ ಬೇಕು. ಚೆನ್ನೈನಿಂದ ಅಂಡಮಾನಿಗೆ ಹೋಗುವ ಪ್ರಯಾಣಿಕ ಹಡಗುಗಳಿಗೂ ಭಾರತೀಯರಿಗೆ ಗುರುತಿನ ಚೀಟಿ ಸಾಕು. ಅಲ್ಲಿನ ಬುಡಕಟ್ಟು ಮೀಸಲು ಪ್ರದೇಶಗಳಿಗೆ ಮಾತ್ರ ಪ್ರತ್ಯೇಕ ಅನುಮತಿ ಬೇಕು.

ಲಕ್ಷದ್ವೀಪದ ನಿಯಮ ಬೇರೆ. ಅಲ್ಲಿನ ಅಮಿನ್‌ದಿವಿ ದ್ವೀಪಗಳು 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಇಂದು ಅದು ಕೇಂದ್ರಾಡಳಿತ ಪ್ರದೇಶ. ದ್ವೀಪಗಳ ನಿವಾಸಿಗಳಲ್ಲದ ಭಾರತೀಯರೂ 1967ರ ನಿಯಮಗಳ ಪ್ರಕಾರ ಪ್ರವೇಶ ಪರವಾನಗಿ ಪಡೆಯಬೇಕು. ಈ ಪರವಾನಗಿಯನ್ನು ಹಡಗು ಸಂಸ್ಥೆಯೇ ಮಾಡಿಸಿಕೊಡುವುದೋ, ಪ್ರಯಾಣಿಕರೇ ಪಡೆಯಬೇಕೋ ಎಂಬುದನ್ನು ಹಣ ಕಟ್ಟುವ ಮೊದಲೇ ಕೇಳಿ ತಿಳಿಯಬೇಕು.

ವಿದೇಶಿ ಬಂದರುಗಳಿದ್ದರೆ

ಹಡಗು ಶ್ರೀಲಂಕಾ, ಸಿಂಗಪುರ, ದುಬೈ ಮುಂತಾದೆಡೆ ನಿಲ್ಲುವುದಾದರೆ ಪಾಸ್‌ಪೋರ್ಟ್ ಬೇಕೇ ಬೇಕು. ಪ್ರವಾಸ ಮುಗಿದ ದಿನದಿಂದ ಕನಿಷ್ಠ ಆರು ತಿಂಗಳು ಅದರ ಅವಧಿ ಉಳಿದಿರಬೇಕೆಂಬುದು ಸಾಮಾನ್ಯ ನಿಯಮ. ವೀಸಾವನ್ನು ದೇಶದೇಶಕ್ಕೂ ಪ್ರತ್ಯೇಕವಾಗಿ ವಿಚಾರಿಸಬೇಕು. ಶ್ರೀಲಂಕಾಕ್ಕೆ ಇಟಿಎ ಎಂಬ ಮುಂಗಡ ಅನುಮತಿ ಪಡೆಯುವ ಪದ್ಧತಿಯಿದೆ. ಸಿಂಗಪುರದಿಂದ ಹೊರಟು ಬೇರೆ ದೇಶದ ಬಂದರು ನೋಡಿ ಸಿಂಗಪುರಕ್ಕೇ ಮರಳುವ ಯಾನದಲ್ಲಿ ಆ ದೇಶವನ್ನು ಎರಡು ಬಾರಿ ಪ್ರವೇಶಿಸಿದಂತಾಗುತ್ತದೆ. ಒಂದೇ ಪ್ರವೇಶದ ವೀಸಾ ಇದ್ದರೆ ಮರಳುವಾಗ ತೊಡಕಾಗುತ್ತದೆ. ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಸಿಬ್ಬಂದಿ ತಮ್ಮ ವಶದಲ್ಲಿ ಇಟ್ಟುಕೊಳ್ಳುವುದರಿಂದ ನೆರಳಚ್ಚು ಪ್ರತಿಯನ್ನು ಜೊತೆಗಿಟ್ಟುಕೊಳ್ಳುವುದು ಒಳಿತು.

ಹೆಸರಿನ ಪ್ರಶ್ನೆ

ನಮ್ಮವರ ತೊಡಕು ಹೆಚ್ಚಾಗಿ ಇಲ್ಲಿದೆ. ತಮಿಳು ಲಿಪಿಯಲ್ಲಿ ಕ-ಗ, ತ-ದ, ಪ-ಬ ಅಕ್ಷರಗಳಿಗೆ ಬೇರೆ ಬೇರೆ ರೂಪವಿಲ್ಲ, ಮಹಾಪ್ರಾಣಗಳೂ ಇಲ್ಲ. ಮನೆಯಲ್ಲಿ 'ಭಾಗ್ಯಮ್ಮ' ಆಗಿರುವವರು ತಮಿಳು ದಾಖಲೆಯಿಂದ ಇಂಗ್ಲಿಷಿಗೆ ಬರುವಾಗ 'ಪಾಕ್ಕಿಯಮ್ಮಾಳ್' ಆಗಬಹುದು. 'ಬಸವರಾಜು' 'ಪಸವರಾಜ್' ಆಗಬಹುದು. ಹೆರಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಆಗಿದ್ದರೆ, ಜನನವು ನಡೆದ ಸ್ಥಳದಲ್ಲಿಯೇ ನೋಂದಣಿಯಾಗುವುದರಿಂದ, ಪ್ರಮಾಣಪತ್ರ ಕರ್ನಾಟಕದ್ದಾಗಿರುತ್ತದೆ. ಶಾಲೆಯ ದಾಖಲೆ ತಮಿಳುನಾಡಿನದ್ದಾಗಿರುತ್ತದೆ. ಒಂದೇ ಮಗುವಿಗೆ ಎರಡು ಕಾಗುಣಿತ ಬರುವುದು ಹೀಗೆ.

ಇನ್ನೊಂದು ತೊಡಕು ಇನಿಷಿಯಲ್‌ನದು. ತಂದೆಯ ಹೆಸರಿನ ಮೊದಲಕ್ಷರವನ್ನಷ್ಟೇ ಬರೆಯುವುದು ನಮ್ಮ ರಾಜ್ಯದ ರೂಢಿ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಅದನ್ನು ಬಿಡಿಸಿ ಪೂರ್ಣವಾಗಿ ಬರೆಯಬೇಕು. ಹೆಸರು ಮತ್ತು ಉಪನಾಮದ ಕಾಲಂಗಳಲ್ಲಿ ಒಂದನ್ನು ಖಾಲಿ ಬಿಟ್ಟು ಒಂಟಿ ಹೆಸರಿನ ಪಾಸ್‌ಪೋರ್ಟ್ ಪಡೆದವರಿಗೆ ಸಂಯುಕ್ತ ಅರಬ್ ಸಂಸ್ಥಾನಗಳು 2022ರ ನವೆಂಬರ್‌ನಿಂದ ಪ್ರವಾಸಿ ಪ್ರವೇಶಕ್ಕೆ ನಿರ್ಬಂಧ ಹಾಕಿವೆ. ದುಬೈ ಯಾನ ಬಯಸುವವರು ಇದನ್ನು ಮರೆಯಬಾರದು. ಹಡಗಿನ ಟಿಕೆಟ್ಟಿನಲ್ಲಿಯೂ ತೋರಿಸಲಿರುವ ದಾಖಲೆಯಲ್ಲಿ ಇರುವ ಹೆಸರನ್ನೇ ಅಕ್ಷರಶಃ ಬರೆಸಬೇಕು.

ತಿದ್ದುಪಡಿಗೆ ಒಂದು ಕ್ರಮವಿರಲಿ. ಮೊದಲು ಜನನ ಪ್ರಮಾಣಪತ್ರ ಅಥವಾ ಹತ್ತನೆಯ ತರಗತಿಯ ಅಂಕಪಟ್ಟಿಯ ಕಾಗುಣಿತವನ್ನು ಆಧಾರವಾಗಿ ನಿಶ್ಚಯಿಸಿಕೊಂಡು ಉಳಿದವನ್ನು ಅದಕ್ಕೆ ಹೊಂದಿಸಬೇಕು. ಆಧಾರ್‌ನಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡು ಬಾರಿ, ಜನ್ಮದಿನಾಂಕವನ್ನು ಒಂದು ಬಾರಿ ಮಾತ್ರ ತಿದ್ದಿಸಬಹುದು. ಆತುರದಿಂದ ಆ ಅವಕಾಶವನ್ನು ಕಳೆದುಕೊಳ್ಳಬಾರದು. ಹೆಸರನ್ನೇ ಬದಲಿಸಬೇಕಾದರೆ ರಾಜ್ಯ ಗೆಜೆಟ್‌ನಲ್ಲಿ ಪ್ರಕಟಣೆಯಾಗಬೇಕಾಗುತ್ತದೆ.

ಪಾಸ್‌ಪೋರ್ಟ್ ಪಡೆಯುವುದು

2018ರಿಂದ ದೇಶದ ಯಾವುದೇ ಪಾಸ್‌ಪೋರ್ಟ್ ಕಚೇರಿಯ ಮೂಲಕ ಅರ್ಜಿ ಹಾಕಲು ಅವಕಾಶವಿದೆ. ಬೆಂಗಳೂರಿನಲ್ಲಿ ದುಡಿಯುವ ನಾಟ್ರಾಂಪಾಳ್ಯದವರು ಅಲ್ಲಿಯೇ ಸಲ್ಲಿಸಬಹುದು. ಪೊಲೀಸ್ ಪರಿಶೀಲನೆ ಮಾತ್ರ ಅರ್ಜಿಯಲ್ಲಿ ನಮೂದಿಸಿದ ವಿಳಾಸದಲ್ಲಿ ನಡೆಯುತ್ತದೆ. ವಯಸ್ಕರಿಗೆ ಹತ್ತು ವರ್ಷ ಅವಧಿಯ 36 ಪುಟದ ಪಾಸ್‌ಪೋರ್ಟಿಗೆ ಸಾಮಾನ್ಯ ಶುಲ್ಕ 1,500 ರೂಪಾಯಿ. ತತ್ಕಾಲ್ ಆದರೆ ಮತ್ತೆ 2,000 ರೂಪಾಯಿ. ಮಕ್ಕಳ ಅರ್ಜಿಗೆ ತಂದೆತಾಯಿಯರ ಒಪ್ಪಿಗೆಯ ಘೋಷಣೆ ಬೇಕು. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಜನಿಸಿದವರಿಗೆ ಜನನ ಪ್ರಮಾಣಪತ್ರವೊಂದೇ ಜನ್ಮದಿನಾಂಕದ ಪುರಾವೆ. ಆದ್ದರಿಂದ ಮನೆಯಲ್ಲಿ ಮಗು ಹುಟ್ಟಿದೊಡನೆ ನೋಂದಣಿ ಮಾಡಿಸಿ, ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ನಾವೇ ಬರೆದುಕೊಟ್ಟು ಪರಿಶೀಲಿಸಬೇಕು.

ಗರ್ಭಿಣಿಯರನ್ನು 24 ವಾರಗಳ ಬಳಿಕ ಹಡಗು ಸಂಸ್ಥೆಗಳು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ಅದಕ್ಕೆ ಮುಂಚೆಯೂ ವೈದ್ಯರ ಪ್ರಮಾಣಪತ್ರ ಕೇಳಬಹುದು. ವೀಸಾ ಮತ್ತು ಶುಲ್ಕದ ನಿಯಮಗಳು ಬದಲಾಗುತ್ತಿರುವುದರಿಂದ ಹೊರಡುವ ಮೊದಲು ಅಧಿಕೃತ ಜಾಲತಾಣಗಳಲ್ಲಿ ಮತ್ತೊಮ್ಮೆ ನೋಡಿಕೊಳ್ಳಬೇಕು.

ಕಡಲ ಪ್ರವಾಸ ಕೆಲವರಿಗಷ್ಟೇ ಒದಗೀತು. ಆದರೆ ಹೆಸರು ಎಲ್ಲರದು. ಇಂದು ಸರಿಪಡಿಸಿಟ್ಟ ಹೆಸರು ನಾಳೆ ಮಕ್ಕಳ ವಿದ್ಯಾಭ್ಯಾಸ, ಉದ್ಯೋಗ, ಹಿರಿಯರ ಪಿಂಚಣಿ, ಜಮೀನಿನ ಪಟ್ಟಾ ಎಲ್ಲಕ್ಕೂ ನೆರವಾಗುತ್ತದೆ. ಹಡಗು ಹತ್ತುವವರೂ ಹತ್ತದವರೂ ತಮ್ಮ ಮನೆಯ ದಾಖಲೆಗಳನ್ನು ಒಮ್ಮೆ ಒಟ್ಟಿಗಿಟ್ಟು ಓದಿ ನೋಡಬೇಕೆಂದು ನಾವು ವಿನಂತಿಸುತ್ತೇವೆ.