ಸಾಲು ಎಲ್ಲಿಗೆ ಮುಗಿಯುತ್ತದೆ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಬೆಂಗಳೂರಿನಲ್ಲಿಯೂ ಕೊಲ್ಲಿ ದೇಶಗಳಲ್ಲಿಯೂ ಗಣಕಯಂತ್ರದ ವೃತ್ತಿಯಲ್ಲಿದ್ದಾರೆ. ಪಠ್ಯ ಕಡತವೊಂದನ್ನು ತೆರೆದು ಸಾಲು ಸಾಲಾಗಿ ಓದುವ ಪ್ರೋಗ್ರಾಂ ಬರೆಯುವುದು ಅವರಿಗೆ ಆರಂಭದ ಪಾಠ. ಇಷ್ಟು ಸಣ್ಣ ಕೆಲಸಕ್ಕೂ ಒಂದು ಇತಿಹಾಸವಿದೆ. ಅದರಲ್ಲಿ ಕನ್ನಡದ ಒಂದು ಅಧ್ಯಾಯವಿದೆ. ನಮ್ಮ ಬಜಪೆಯ ನೆರೆಯ ಊರಿನವರೊಬ್ಬರ ಹೆಸರೂ ಇದೆ. ಗಣಕದ ಪರಿಚಯವಿಲ್ಲದ ಬಂಧುಗಳೂ ಓದಲಿ ಎಂಬ ಆಶೆಯಿಂದ ಇದನ್ನು ಬರೆಯುತ್ತಿದ್ದೇನೆ.

ತಾಳೆಗರಿಯ ಗ್ರಂಥಗಳನ್ನು ಕಂಡವರು ಒಂದು ಸಂಗತಿಯನ್ನು ಬಲ್ಲರು. ಲಿಪಿಕಾರನು ಗರಿಯ ಉದ್ದಕ್ಕೂ ಬರೆಯುತ್ತಲೇ ಹೋಗುತ್ತಾನೆ. ಪದ್ಯ ಎಲ್ಲಿ ಮುಗಿಯಿತೆಂದು ತಿಳಿಯಲು ದಂಡದ ಗುರುತನ್ನು ಹುಡುಕಬೇಕು. ಗಣಕದ ಕಡತವೂ ಹಾಗೆಯೇ. ತೆರೆಯ ಮೇಲೆ ಒಂದರ ಕೆಳಗೊಂದು ಕಾಣುವ ಸಾಲುಗಳು ಕಡತದಲ್ಲಿ ಇಲ್ಲ. ಅಲ್ಲಿರುವುದು ಬೈಟುಗಳ ಒಂದೇ ನೀಳವಾದ ಸರಣಿ. ಪ್ರತಿಯೊಂದು ಬೈಟೂ 0ಯಿಂದ 255ರವರೆಗಿನ ಒಂದು ಸಂಖ್ಯೆ. ಸಾಲು ಮುಗಿಯಿತೆಂಬುದಕ್ಕೆ ನಡುವೆ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅಷ್ಟೆ.

ಈ ಗುರುತು ಬಂದದ್ದು ಟೆಲಿಪ್ರಿಂಟರಿನಿಂದ. ಆ ಯಂತ್ರಕ್ಕೆ ಎರಡು ಆಜ್ಞೆಗಳು ಬೇಕಾಗಿದ್ದವು: ಅಚ್ಚೊತ್ತುವ ಭಾಗವನ್ನು ಎಡತುದಿಗೆ ಒಯ್ಯುವುದು, ಕಾಗದವನ್ನು ಒಂದು ಸಾಲಿನಷ್ಟು ಮೇಲೆ ಸರಿಸುವುದು. 1963ರ ಆಸ್ಕಿ ಸಂಕೇತದಲ್ಲಿ ಮೊದಲನೆಯದಕ್ಕೆ 13, ಎರಡನೆಯದಕ್ಕೆ 10 ಎಂಬ ಸಂಖ್ಯೆಗಳು ದೊರೆತವು. ಮುಂದೆ ಯುನಿಕ್ಸ್ 10ನ್ನು ಮಾತ್ರ ಇಟ್ಟುಕೊಂಡಿತು. ಹಳೆಯ ಮ್ಯಾಕಿಂಟೋಷ್ 13ನ್ನು ಮಾತ್ರ ಇಟ್ಟುಕೊಂಡಿತು. ಡಾಸ್ ಮತ್ತು ವಿಂಡೋಸ್ ಎರಡನ್ನೂ ಉಳಿಸಿಕೊಂಡವು. ಯುನಿಕ್ಸಿನಲ್ಲಿ ಬರೆದ ಕಡತವು ವಿಂಡೋಸಿನ ನೋಟ್‌ಪ್ಯಾಡಿನಲ್ಲಿ ಸಾಲುಗಳಿಲ್ಲದೆ ಒಂದೇ ಮುದ್ದೆಯಾಗಿ ಕಾಣುತ್ತಿದ್ದುದು ಇದರಿಂದಲೇ. ಆ ತೊಡಕು 2018ರಲ್ಲಷ್ಟೇ ನಿವಾರಣೆಯಾಯಿತು. 'ಸಾಲು ಓದು' ಎಂಬ ಆಜ್ಞೆ ಸಿ ಭಾಷೆಯಲ್ಲಿರಲಿ, ಪೈಥಾನಿನಲ್ಲಿರಲಿ, ಮಾಡುವುದು ಒಂದೇ ಕೆಲಸ: ಆ ಗುರುತು ಸಿಗುವವರೆಗೆ ಬೈಟುಗಳನ್ನು ಕೂಡಿಸಿಕೊಂಡು ಕೈಗೆ ಕೊಡುವುದು. ಕಡತ ಎಷ್ಟೇ ದೊಡ್ಡದಿದ್ದರೂ ಒಮ್ಮೆಗೆ ಒಂದು ಸಾಲು ಮಾತ್ರ ನೆನಪಿನಲ್ಲಿದ್ದರೆ ಸಾಕು.

ಸಾಲಿನ ಗುರುತು ಸಿಕ್ಕಿತು; ಆದರೆ ಸಾಲಿನೊಳಗಿನ ಸಂಖ್ಯೆಗಳು ಯಾವ ಅಕ್ಷರಗಳು? ಕನ್ನಡದ ಅಧ್ಯಾಯ ಆರಂಭವಾಗುವುದು ಇಲ್ಲಿ.

ಬಜಪೆಗೆ ಸಮೀಪದ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಕೆ.ಪಿ. ರಾವ್ ಅವರು ಕನ್ನಡ ಗಣಕ ಲೇಖನದ ಆದ್ಯರಲ್ಲಿ ಒಬ್ಬರು. 'ಸೇಡಿಯಾಪು' ಎಂಬ ಕನ್ನಡ ತಂತ್ರಾಂಶವನ್ನು ರೂಪಿಸಿದವರು ಅವರೇ. ಒತ್ತಕ್ಷರಗಳಿಗೆಲ್ಲ ಬೇರೆ ಬೇರೆ ಕೀಲಿಗಳಿಲ್ಲದೆ, ಎರಡು ವ್ಯಂಜನಗಳನ್ನು ಬೆಸೆಯಲು ಒಂದೇ ಕೀಲಿಯನ್ನು ಬಳಸುವ ಅವರ ಕೀಲಿಮಣೆ ವಿನ್ಯಾಸವು ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಮೂಲಕ ಮನೆಮಾತಾಯಿತು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂದಿತು. ಈ ಮಹನೀಯರ ಶ್ರಮದಿಂದಲೇ ನಮ್ಮಂತಹವರು ಗಣಕದಲ್ಲಿ ಕನ್ನಡ ಬರೆಯುವಂತಾದುದು.

ಆದರೆ ಆ ಕಾಲದ ಕಡತಗಳಲ್ಲಿ ಶೇಖರವಾಗುತ್ತಿದ್ದುದು ಅಕ್ಷರವಲ್ಲ, ಅಕ್ಷರದ ಆಕಾರದ ತುಂಡು. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತಲೆಕಟ್ಟು, ಒತ್ತು, ಕೊಂಬುಗಳನ್ನು ಫಾಂಟು ಕೂರಿಸಿಕೊಂಡಿತ್ತು. ಫಾಂಟು ಇಲ್ಲದ ಗಣಕದಲ್ಲಿ 'ಕನ್ನಡ' ಎಂಬ ಪದ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀರುಳ್ಳ ಎ, ಪೌಂಡಿನ ಚಿಹ್ನೆ, ಹೀಗೆ ಏಳು ಅಪರಿಚಿತ ಗುರುತುಗಳಾಗಿ ಕಾಣುತ್ತದೆ. ಸಾಲು ಸರಿಯಾಗಿಯೇ ಮುಗಿಯುತ್ತದೆ. ಒಳಗಿನ ಮಾತು ಮಾತ್ರ ತಿಳಿಯದು.

1991ರಲ್ಲಿ ಹೊರಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಸ್ಥಾನ ದೊರೆತಿತ್ತು. ಜನಬಳಕೆಗೆ ಬರಲು ವರ್ಷಗಳೇ ಹಿಡಿದವು. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಎಂಬ ಇಬ್ಬರು ತಜ್ಞರು ಅದನ್ನು ಬೈಟುಗಳಲ್ಲಿ ಬರೆದಿಡಲು ಯುಟಿಎಫ್-8 ಎಂಬ ಕ್ರಮವನ್ನು ರೂಪಿಸಿದರು. ಇದರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು. 'ಕನ್ನಡ' ಎಂದರೆ ಕ, ನ, ವಿರಾಮ, ನ, ಡ ಎಂಬ ಐದು ಸಂಕೇತ, ಹದಿನೈದು ಬೈಟು. ಆ ಹದಿನೈದೂ 127ನ್ನು ಮೀರಿದ ಸಂಖ್ಯೆಗಳು. ಆದ್ದರಿಂದ ಕನ್ನಡಾಕ್ಷರದ ಒಳಗೆ 10 ಎಂಬ ಸಂಖ್ಯೆ ಎಂದೂ ಬಾರದು. ಸಾಲಿನ ಗುರುತು ಅಕ್ಷರವನ್ನು ಸೀಳದು. ಯುಟಿಎಫ್-16 ಎಂಬ ಇನ್ನೊಂದು ಕ್ರಮದಲ್ಲಿ ಈ ಅಭಯವಿಲ್ಲ. ಅಲ್ಲಿ ಗುಜರಾತಿಯ ಪ್ರತಿ ಅಕ್ಷರದಲ್ಲಿಯೂ 10, ನೆರೆಯ ಮಲಯಾಳದ ಪ್ರತಿ ಅಕ್ಷರದಲ್ಲಿಯೂ 13 ಇರುವುದರಿಂದ, ಕ್ರಮವನ್ನರಿಯದ ಪ್ರೋಗ್ರಾಂ ಅಕ್ಷರ ಅಕ್ಷರಕ್ಕೂ ಸಾಲು ಮುಗಿಯಿತೆಂದು ಭಾವಿಸೀತು!

ಹಳೆಯ ಕಡತವನ್ನು ಯುನಿಕೋಡಿಗೆ ತರುವ ಪರಿವರ್ತಕವು ಒಂದೊಂದೇ ಸಾಲನ್ನು ಓದಿ, ಆಕಾರಗಳನ್ನು ಅಕ್ಷರಗಳಾಗಿ ಬದಲಿಸಿ, ಹೊಸ ಕಡತಕ್ಕೆ ಬರೆಯುತ್ತದೆ. 'ಸೂರ್ಯ' ಎಂಬ ಪದವನ್ನು ನೋಡಿ. ಹಳೆಯ ಕಡತದಲ್ಲಿ ಅರ್ಕಾವತ್ತು ಕೈಬರಹದಂತೆ 'ಯ'ದ ಅನಂತರ ಇರುತ್ತದೆ. ಯುನಿಕೋಡಿನಲ್ಲಿ ಉಚ್ಚಾರಣೆಯಂತೆ 'ರ್' ಮೊದಲು ಬರಬೇಕು. ಅದನ್ನು ಹಿಂದಕ್ಕೆ ಸರಿಸುವಾಗ ಅಕ್ಷರ ತುಂಡಾಗಿರಬಾರದು. ಬೈಟುಗಳನ್ನು ನೂರು ನೂರಾಗಿ ಓದಿದರೆ ತುಂಡಾಗುವ ಭಯವಿದೆ. ಸಾಲಾಗಿ ಓದಿದರೆ ಆ ಭಯವಿಲ್ಲ.

ಇದನ್ನೆಲ್ಲ ಹೇಳಲು ಕಾರಣವಿದೆ. 1990ರ ದಶಕದಿಂದ ಈಚೆಗೆ ಎಷ್ಟೋ ಶಾಲೆಗಳ ಸ್ಮರಣ ಸಂಚಿಕೆಗಳು, ದೇವಸ್ಥಾನಗಳ ಚರಿತ್ರೆಗಳು, ಯಕ್ಷಗಾನ ಪ್ರಸಂಗಗಳು, ಮನೆತನದ ವಂಶಾವಳಿಗಳು ಇಂತಹ ಫಾಂಟುಗಳಲ್ಲಿಯೇ ಬೆರಳಚ್ಚಾದವು. ಮುದ್ರಿತ ಪ್ರತಿಗಳನ್ನು ಗೆದ್ದಲು ತಿನ್ನುತ್ತಿದೆ. ಕಡತಗಳು ಹಳೆಯ ಸಿ.ಡಿ.ಗಳಲ್ಲಿ ಮಲಗಿವೆ. ಅವುಗಳನ್ನು ಕಂಡ ಕಿರಿಯರು 'ಕೆಟ್ಟುಹೋಗಿದೆ' ಎಂದು ಅಳಿಸಿಬಿಡುವುದುಂಟು. ಅವು ಕೆಟ್ಟಿಲ್ಲ, ಪ್ರತಿಯೊಂದು ಬೈಟೂ ಇದ್ದಲ್ಲಿಯೇ ಇದೆ.

ರಜೆಯಲ್ಲಿ ಊರಿಗೆ ಬರುವ ವಿದ್ಯಾರ್ಥಿಮಿತ್ರರಲ್ಲಿ ನನ್ನದೊಂದು ವಿನಂತಿ. ಮನೆಯ ಹಿರಿಯರ ಬಳಿ ಇಂತಹ ಕಡತವಿದ್ದರೆ ಮೊದಲು ಅದರ ಪ್ರತಿಯೊಂದನ್ನು ಮಾಡಿಟ್ಟುಕೊಳ್ಳಿ. ಯಾವ ಫಾಂಟಿನಲ್ಲಿ ಬರೆದುದೆಂದು ಅವರನ್ನೇ ಕೇಳಿ ಬರೆದಿಡಿ. ಬಳಿಕ ಪರಿವರ್ತಿಸಿ ಯುಟಿಎಫ್-8ರಲ್ಲಿ ಉಳಿಸಿರಿ. ಕೊನೆಗೆ ಆ ಹಿರಿಯರ ಪಕ್ಕದಲ್ಲಿ ಕುಳಿತು, ಸಾಲು ಸಾಲಾಗಿ, ಗಟ್ಟಿಯಾಗಿ ಓದಿ ಹೇಳಿರಿ. ಪರಿವರ್ತಕಕ್ಕೆ ತಪ್ಪಿದ ಒತ್ತಕ್ಷರವನ್ನು ಅವರ ಕಿವಿ ಹಿಡಿದುಕೊಡುತ್ತದೆ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ.