ಬರಗಾಲದಿಂದ ಕೋವಿಡ್‌ವರೆಗೆ: ಗಡಿನಾಡ ಮೇಳಗಳು ಮತ್ತು ಸರ್ಕಾರಿ ಪರಿಹಾರ

1972ರ ಬರಗಾಲದಲ್ಲಿ ಮಹಾರಾಷ್ಟ್ರ ಸರ್ಕಾರ ತೆರೆದ ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆದವರಿಗೆ, ಮಣ್ಣು ಹೊತ್ತವರಿಗೆ ಕೂಲಿ ದೊರೆಯಿತು. ಸೊಲ್ಲಾಪುರ ಜಿಲ್ಲೆಯ ಭಜನಾ ಮೇಳದವರು ಅಲ್ಲಿ ನೆರವು ಪಡೆಯಬಹುದಾಗಿದ್ದುದು ಕೂಲಿಕಾರರಾಗಿ ಮಾತ್ರ. ಕಲೆಗೆ ಆ ಲೆಕ್ಕದಲ್ಲಿ ಸ್ಥಾನವಿರಲಿಲ್ಲ.

2021ರಲ್ಲಿ ಸ್ಥಿತಿ ಬದಲಾಯಿತು. ಕೋವಿಡ್ ಪರಿಹಾರವಾಗಿ ತಮ್ಮ ತಮ್ಮ ರಾಜ್ಯದ ಕಲಾವಿದರಿಗೆ ಕರ್ನಾಟಕ ತಲಾ 3,000, ಮಹಾರಾಷ್ಟ್ರ ತಲಾ 5,000 ರೂಪಾಯಿ ಘೋಷಿಸಿದವು. ಮೊತ್ತ ಅಲ್ಪವಾದರೂ ‘ಕಲಾವಿದ’ ಎಂಬುದು ಪರಿಹಾರದ ಒಂದು ವರ್ಗವಾಯಿತು. ಆದರೆ ವರ್ಗವೆಂದಮೇಲೆ ಅರ್ಜಿ, ದಾಖಲೆ, ವಾಸಸ್ಥಳಗಳ ಪ್ರಶ್ನೆ ಬಂದೇ ಬರುತ್ತದೆ. ಅಕ್ಕಲಕೋಟೆ ತಾಲೂಕಿನ ಸಲಗರದಂತಹ ಊರಿನಲ್ಲಿ ಹಾಡಿನ ಭಾಷೆ ಕನ್ನಡ, ಆಡಳಿತದ ಭಾಷೆ ಮರಾಠಿ. ಅಕ್ಕಲಕೋಟೆಯನ್ನು ಮೈಸೂರಿಗೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಮಾಡಿದ ಶಿಫಾರಸು ಜಾರಿಯಾಗಲಿಲ್ಲ. 2010ರಲ್ಲಿ ಸ್ಥಾಪನೆಯಾದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಕನ್ನಡ ಸಂಸ್ಥೆಗಳಿಗೂ ಅನುದಾನ ನೀಡುತ್ತದೆ. ಆದರೆ ಗುಡಿಯ ಕಟ್ಟೆಯ ಮೇಲೆ ಕೂಡುವ ಮೇಳ ಕಾಗದದ ಮೇಲೆ ಸಂಸ್ಥೆಯಾಗಿರುವುದು ವಿರಳ.

ವಿಪತ್ತು ಬಂದಾಗ ಪಟ್ಟಿ ಮಾಡಹೊರಟರೆ ಇಂತಹ ಮೇಳಗಳು ಹೊರಗುಳಿಯುತ್ತವೆ. ಸುಕಾಲದಲ್ಲಿಯೇ ಊರೂರಿನ ಮೇಳಗಳ ದಾಖಲೆಯೂ ಕನ್ನಡದ ಅರ್ಜಿಯೂ ಸಿದ್ಧವಿದ್ದರೆ ಮುಂದಿನ ನೆರವು ಆ ಕಟ್ಟೆಯವರೆಗೆ ತಲುಪೀತು.