ನಿಯಂತ್ರಣ ಫಲಕಗಳ ಸಮತೋಲನ (ಸ್ವನಿರ್ಮಿತ ವಿಮಾನಗಳಲ್ಲಿ)

ಹವ್ಯಾಸಿಗಳು ತಾವೇ ಕಟ್ಟಿಕೊಳ್ಳುವ ವಿಮಾನಗಳಲ್ಲಿ ರೆಕ್ಕೆಯ ಐಲೆರಾನ್, ಬಾಲದ ಎಲಿವೇಟರ್ ಮತ್ತು ರಡ್ಡರ್‌ಗಳ ಭಾರವನ್ನು ಅವುಗಳ ಕೀಲುರೇಖೆಯ ಎರಡೂ ಬದಿಗೆ ಸರಿತೂಗಿಸುವ ಕೆಲಸ. ಫ್ಲಟರ್ ಎಂಬ ಅಪಾಯಕಾರಿ ಕಂಪನವನ್ನು ತಡೆಯುವುದು ಇದರ ಮುಖ್ಯ ಉದ್ದೇಶ.

ಕಾರಣ: ಫಲಕದ ಬಹುಭಾಗ ಕೀಲಿನ ಹಿಂದೆ ಚಾಚಿರುವುದರಿಂದ ಅದು ಸಹಜವಾಗಿಯೇ ಹಿಂಭಾರವಾಗಿರುತ್ತದೆ. ಹಾರಾಟದಲ್ಲಿ ರೆಕ್ಕೆ ಥಟ್ಟನೆ ಮೇಲಕ್ಕೆ ಬಾಗಿದರೆ ಹಿಂಭಾರದ ಐಲೆರಾನ್ ಜಡತ್ವದಿಂದ ಕೆಳಗೇ ಉಳಿಯುತ್ತದೆ. ಆಗ ಎತ್ತುವ ಬಲ ಹೆಚ್ಚಿ ರೆಕ್ಕೆ ಇನ್ನಷ್ಟು ಬಾಗುತ್ತದೆ. ರೆಕ್ಕೆ ಮರಳಿ ಇಳಿಯುವಾಗ ಇದೇ ಕ್ರಿಯೆ ತಿರುಗುಮುರುಗಾಗಿ ನಡೆಯುತ್ತದೆ. ಪ್ರತಿ ಸುತ್ತಿಗೂ ಗಾಳಿಯಿಂದ ಶಕ್ತಿ ಸೇರುತ್ತ ಹೋಗಿ, ಕೆಲವೇ ಸೆಕೆಂಡುಗಳಲ್ಲಿ ರೆಕ್ಕೆಯೋ ಬಾಲವೋ ಮುರಿಯಬಹುದು.

ಇತಿಹಾಸ: 1916ರಲ್ಲಿ ಬ್ರಿಟನ್ನಿನ ಹ್ಯಾಂಡ್ಲಿ ಪೇಜ್ ಬಾಂಬರಿನ ಬಾಲದಲ್ಲಿ ಕಂಡ ಫ್ಲಟರ್ ಅನ್ನು ಎಫ್. ಡಬ್ಲ್ಯು. ಲ್ಯಾಂಚೆಸ್ಟರ್ ಪರಿಶೀಲಿಸಿ, ಎರಡು ಬದಿಯ ಎಲಿವೇಟರ್‌ಗಳನ್ನು ಗಟ್ಟಿಯಾಗಿ ಜೋಡಿಸಲು ಸೂಚಿಸಿದರು. 1920ರ ದಶಕದ ಆರಂಭದಲ್ಲಿ ನೆದರ್ಲೆಂಡ್ಸ್‌ನ ಫಾನ್ ಬೌಮ್‌ಹೌವರ್ ಮತ್ತು ಕೋನಿಂಗ್, ಐಲೆರಾನ್‌ಗೆ ಪ್ರತಿಭಾರ ಕೊಟ್ಟರೆ ಫ್ಲಟರ್ ತಪ್ಪುತ್ತದೆಂದು ತೋರಿಸಿದರು.

ವಿಧಾನ: ತಕ್ಕಡಿಯ ನಿಯಮವೇ ಇಲ್ಲಿಯೂ ಅನ್ವಯಿಸುತ್ತದೆ. ಗಾಳಿಯಾಡದ ಕೋಣೆಯಲ್ಲಿ ಫಲಕವನ್ನು ಅದರ ಕೀಲುರೇಖೆಯ ಮೇಲೆ ಸಲೀಸಾಗಿ ತಿರುಗುವಂತೆ ನಿಲ್ಲಿಸಿ, ಹಿಂಬದಿಯ ಅಂಚನ್ನು ಮಟ್ಟದಲ್ಲಿಡಲು ಎಷ್ಟು ಆಧಾರ ಬೇಕೆಂದು ತೂಗುತ್ತಾರೆ. ಕೀಲಿನಿಂದ 24 ಸೆಂ.ಮೀ. ಹಿಂದೆ 250 ಗ್ರಾಂ ತೋರಿದರೆ, 12 ಸೆಂ.ಮೀ. ಮುಂದೆ 500 ಗ್ರಾಂ ಸೇರಿಸಬೇಕು. ಕಡಿಮೆ ಜಾಗದಲ್ಲಿ ಹೆಚ್ಚು ತೂಕ ಕೊಡುವುದರಿಂದ ಸೀಸವನ್ನು ಹೆಚ್ಚಾಗಿ ಬಳಸುತ್ತಾರೆ. ಅಮೆರಿಕದ ವ್ಯಾನ್ಸ್ ಸಂಸ್ಥೆಯ ಹಲವು ಆರ್‌ವಿ ವಿಮಾನಗಳಲ್ಲಿ ಎಲಿವೇಟರ್ ತುದಿಯ ಮುಂಚಾಚಿನೊಳಗೆ ಸೀಸವನ್ನೂ ಐಲೆರಾನ್‌ನ ಮುಂಬದಿಯ ಅಂಚಿನೊಳಗೆ ಉಕ್ಕಿನ ಕೊಳವೆಯನ್ನೂ ಇಡುತ್ತಾರೆ.

ಎಚ್ಚರಿಕೆಗಳು: ಒಂದೇ ನಕ್ಷೆಯಿಂದ ಕಟ್ಟಿದ ಎರಡು ವಿಮಾನಗಳ ಫಲಕಗಳೂ ಒಂದೇ ತೂಕದವಾಗಿರುವುದಿಲ್ಲ. ಬಣ್ಣ, ಫಿಲ್ಲರ್ ಮತ್ತು ರೆಸಿನ್‌ಗಳ ಪ್ರಮಾಣ ಕೈಯಿಂದ ಕೈಗೆ ಬದಲಾಗುತ್ತದೆ. ಆದ್ದರಿಂದ ಬಣ್ಣ ಬಳಿದು, ಟ್ರಿಮ್ ಟ್ಯಾಬ್ ಎಂಬ ಕಿರುಫಲಕವನ್ನು ಜೋಡಿಸಿದ ನಂತರವೇ ಕೊನೆಯ ಬಾರಿ ತೂಗಬೇಕು; ಅಂಕಿಗಳು ವಿನ್ಯಾಸಕರು ಗೊತ್ತುಪಡಿಸಿದ ಮಿತಿಯೊಳಗಿರಬೇಕು. ಪ್ರತಿಭಾರ ಹಾರಾಟದಲ್ಲಿ ಕಳಚದಂತೆ ಭದ್ರವಾಗಿರಬೇಕು. ಕೀಲುಗಳ ಅಥವಾ ಟ್ಯಾಬ್ ಜೋಡಣೆಯ ಸಡಿಲಿಕೆಗೆ ಸಮತೋಲನ ಪರಿಹಾರವಲ್ಲ. ಅದನ್ನು ಬೇರೆಯಾಗಿಯೇ ಸರಿಪಡಿಸಬೇಕು. ದುರಸ್ತಿ ಮಾಡಿದಾಗ ಅಥವಾ ಮತ್ತೆ ಬಣ್ಣ ಬಳಿದಾಗ ಹಳೆಯ ಅಳತೆ ಸಲ್ಲುವುದಿಲ್ಲ. ಪುನಃ ತೂಗಿ, ವಿಮಾನದ ದಾಖಲೆ ಪುಸ್ತಕದಲ್ಲಿ ಬರೆದಿಟ್ಟ ಮೇಲೆಯೇ ಹಾರಬೇಕು.